‘ಆರ್ ಈಕ್ವಿವಲೆಂಟ್’ ಅಂತ ಇದ್ರೆ ಸಹಿ ಹಾಕ್ಬೇಡಿ

ನಮ್ಮ ಮನೆ ಇರೋದು ಉಲ್ಲಾಳದಲ್ಲಿ. ಮಂಗಳೂರಿನ ಉಲ್ಲಾಳ ಅಲ್ಲ, ರಾಣಿ ಅಬ್ಬಕ್ಕನಿಗೂ ನಮಗೂ ಸಂಬಂಧ ಇಲ್ಲ. ಇದು ಜ್ಞಾನಭಾರತಿ ಆಚೆ, ವಿಶ್ವೇಶ್ವರಯ್ಯ ಲೇಔಟ್ ಪಕ್ಕದ ಉಲ್ಲಾಳ. (ಕಾಲೇಜಲ್ಲಿ ಇದನ್ನ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ.) ಅಪ್ಪ ಇಪ್ಪತ್ತು ವರ್ಷದ ಹಿಂದೆ ಕಟ್ಟಿಸಿದ ಮನೆ. ಕಳೆದ ವರ್ಷ ಅಡುಗೆಮನೆ, ಎರಡು ರೂಮಿನ ವಾರ್ಡ್‌ರೋಬು, ಟಿವಿ ಯೂನಿಟ್ಟು ಎಲ್ಲ ಹೊಸದಾಗಿ ಮಾಡಿಸೋಣ ಅಂತ ಹೊರಟ್ವಿ. ಇಂಟೀರಿಯರ್ ಡಿಸೈನರ್ ಒಬ್ಬರು ಸಿಕ್ಕಿದ್ರು. ಹೆಸರು ಹೇಳಲ್ಲ. ಲ್ಯಾಪ್‌ಟಾಪಲ್ಲಿ ನಮ್ಮದೇ ಅಡುಗೆಮನೆನ ತ್ರೀ-ಡಿಯಲ್ಲಿ ತೋರಿಸಿದಾಗ ಅಮ್ಮ ಐದು ನಿಮಿಷ ಮಾತೇ ಆಡ್ಲಿಲ್ಲ. ಅಷ್ಟು ಚೆನ್ನಾಗಿತ್ತು.

ಅಗ್ರಿಮೆಂಟ್ ಬಂತು, ಮೂರು ಪುಟ, ಪೂರ್ತಿ ಇಂಗ್ಲಿಷ್. ಅಪ್ಪ ಓದಿದ್ದು ಕನ್ನಡ ಮೀಡಿಯಮ್. ನನ್ನನ್ನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್‌ಗೆ ಹಾಕಿದ್ದೇ ಇಂಥ ಕಾಗದ ಓದೋಕೆ ಅನ್ನೋ ಹಾಗೆ ನನ್ನ ಕೈಗೆ ಕೊಟ್ರು. ನಾನು ಸೋಫಾ ಮೇಲೆ ಬಿದ್ಕೊಂಡೇ ಹತ್ತು ನಿಮಿಷದಲ್ಲಿ ಓದಿ, "ಎಲ್ಲ ಸರಿ ಇದೆ ಅಪ್ಪ" ಅಂದೆ. ಅಪ್ಪ ಸಹಿ ಹಾಕಿದ್ರು. ಈ ಲೇಖನ ಬರೀತಿರೋದೇ ಆ ಹತ್ತು ನಿಮಿಷದ ಕಾರಣಕ್ಕೆ.

ಅದರಲ್ಲಿ ‘ಬಿಡಬ್ಲ್ಯೂಪಿ 710 ಗ್ರೇಡ್ ಪ್ಲೈ ಆರ್ ಈಕ್ವಿವಲೆಂಟ್’ ಅಂತ ಇತ್ತು. ಅಂದ್ರೆ ‘ಅದು, ಇಲ್ಲವೇ ಅದಕ್ಕೆ ಸಮನಾದದ್ದು’. ಸಮ ಅಂತ ತೀರ್ಮಾನ ಮಾಡೋದು ಯಾರು? ಅದು ಎಲ್ಲೂ ಬರೆದಿರ್ಲಿಲ್ಲ. ನಾನೂ ಕೇಳ್ಲಿಲ್ಲ.

ಸ್ವಲ್ಪ ಪ್ಲೈವುಡ್ ಪಾಠ, ಬೇಜಾರಾಗ್ಬೇಡಿ. ಐಎಸ್ 710 ಅನ್ನೋದು ಮರೈನ್ ಪ್ಲೈನ ಭಾರತೀಯ ಮಾನದಂಡ. ಅದರ ಅಂಟನ್ನ ಪರೀಕ್ಷೆ ಮಾಡೋಕೆ 72 ಗಂಟೆ ಕುದಿಯೋ ನೀರಲ್ಲಿ ಇಡ್ತಾರೆ, ಪದರ ಬಿಡಬಾರದು. ಎಂಆರ್ ಗ್ರೇಡ್ ಬೇರೆ. ಅಂಗಡಿಯಲ್ಲಿ ಅದನ್ನ ಕಮರ್ಷಿಯಲ್ ಪ್ಲೈ ಅಂತಾರೆ. ಎಂಆರ್ ಅಂದ್ರೆ ಮಾಯಿಶ್ಚರ್ ರೆಸಿಸ್ಟೆಂಟ್. ಕೇಳಿದ್ರೆ ನೀರಿಗೆ ಜಗ್ಗಲ್ಲ ಅನ್ಸುತ್ತೆ. ಆದ್ರೆ ಅದು ತಡೆಯೋದು ಗಾಳಿಯ ತೇವ ಅಷ್ಟೇ. ಬೆಡ್‌ರೂಮಿನ ವಾರ್ಡ್‌ರೋಬಿಗೆ ಸಾಕು, ಸಿಂಕ್ ಕೆಳಗೆ ಹಾಕಿದ್ರೆ ಗೋವಿಂದ. ಮೇಲೆ ಲ್ಯಾಮಿನೇಟ್ ಅಂಟಿಸಿದ ಮೇಲೆ ಎರಡೂ ಒಂದೇ ಥರ ಕಾಣುತ್ತೆ, ಶೀಟ್ ಮೇಲಿದ್ದ ಐಎಸ್‌ಐ ಮುದ್ರೆನೂ ಮುಚ್ಚಿಹೋಗುತ್ತೆ. ನೋಡೋದಿದ್ರೆ ಶೀಟು ಮನೆಗೆ ಬಂದ ದಿನವೇ ನೋಡ್ಬೇಕು. ಮುದ್ರೆ ಜೊತೆ ಸಿಎಂ/ಎಲ್ ಅಂತ ಒಂದು ಲೈಸೆನ್ಸ್ ನಂಬರ್ ಇರುತ್ತೆ, ಅದನ್ನ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದ್ರೆ ಯಾವ ಕಂಪನಿ, ಯಾವ ಮಾಲು ಅಂತ ಬರುತ್ತೆ. ಎರಡು ನಿಮಿಷದ ಕೆಲಸ. ನಮ್ಮನೆಗೆ ಶೀಟು ಬಂದ ದಿನ ನಾನು ಫೆಸ್ಟ್ ರಿಹರ್ಸಲ್‌ನಲ್ಲಿದ್ದೆ.

ಕೆಲಸ ಮಾಡಿದ್ದು ಉತ್ತರಪ್ರದೇಶದ ಮೂರು ಜನ ಕಾರ್ಪೆಂಟರ್‌ಗಳು. ಅಮ್ಮ ದಿನಾ ಟೀ ಕೊಡ್ತಿದ್ರು. ಹೊರಡೋ ದಿನ ಅವರಲ್ಲಿ ದೊಡ್ಡವರು ಅರೆಬರೆ ಕನ್ನಡದಲ್ಲಿ, "ಅಮ್ಮ, ಸಿಂಕ್ ನೀಚೆ ನೀರು ಬಿಡ್ಬೇಡಿ" ಅಂತ ಹೇಳಿ ಹೋದ್ರು. ಏನೋ ಕಾಳಜಿಗೆ ಹೇಳಿದ್ರು ಅಂದ್ಕೊಂಡ್ವಿ. ದೀಪಾವಳಿ ಹೊತ್ತಿಗೆ ಸಿಂಕ್ ಕೆಳಗಿನ ಬಾಕ್ಸ್ ಊದಿಕೊಂಡು ಬಾಗಿಲು ಹಾಕೋಕೇ ಆಗ್ತಿರ್ಲಿಲ್ಲ. ಆಗ ಆ ಮಾತಿನ ಅರ್ಥ ಆಯ್ತು. ಆಮೇಲೆ ಗೊತ್ತಾಗಿದ್ದು, ಅವರಿಗೂ ಎರಡು ವಾರದ ಕೂಲಿ ಬಂದಿರ್ಲಿಲ್ಲ. ಹಾಗಾಗಿ ಈ ವಿಷಯ ಬಂದಾಗಲೆಲ್ಲ ಕಾರ್ಪೆಂಟರ್‌ನ ಬಯ್ಯೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ.

ಮೊದಲ ವರ್ಷ ವರ್ಕ್‌ಶಾಪ್‌ಗೆ ಅಂತ ತಗೊಂಡಿದ್ದ ವರ್ನಿಯರ್ ಕ್ಯಾಲಿಪರ್ ಹುಡುಕಿ ತಂದು ಅಳೆದೆ. ಬಿಲ್ಲಲ್ಲಿ 18 ಮಿ.ಮೀ., ಕೈಯಲ್ಲಿ 16ಕ್ಕೂ ಕಮ್ಮಿ. ಸ್ವಲ್ಪ ಹೆಚ್ಚುಕಮ್ಮಿ ಎಲ್ಲ ಪ್ಲೈನಲ್ಲೂ ಇರುತ್ತೆ, ಎರಡು ಮಿಲಿಮೀಟರ್ ಇರಲ್ಲ. ಲ್ಯಾಬಲ್ಲಿ ರೀಡಿಂಗ್ ಕಾಪಿ ಹೊಡೀತಿದ್ದ ನನಗೆ ಆ ಉಪಕರಣ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಅವತ್ತೇ.

ದೊಡ್ಡ ಆಟ ಇರೋದು ಸ್ಕ್ವೇರ್ ಫೀಟ್ ಲೆಕ್ಕದಲ್ಲಿ. 6 ಅಡಿ ಅಗಲ, 7 ಅಡಿ ಎತ್ತರದ ವಾರ್ಡ್‌ರೋಬು 42 ಚದರ ಅಡಿ ಅಂತ ನಾವು ಅಂದ್ಕೊಂಡಿದ್ವಿ. ಅಡಿಗೆ 1,400 ರೂಪಾಯಿ ರೇಟು, ಅಂದ್ರೆ 58,800. ಕೊನೆ ಬಿಲ್ಲಲ್ಲಿ ಒಳಗಿನ ಶೆಲ್ಫು, ಪಕ್ಕದ ಹಲಗೆ ಎಲ್ಲ ಸೇರಿಸಿ 78 ಅಡಿ ಮಾಡಿದ್ರು. 1,09,200. ಅದರ ಮೇಲೆ ಜಿಎಸ್‌ಟಿ ಬೇರೆ. ವಿಜಯನಗರದ ಇನ್ನೊಬ್ಬರು 1,800 ರೇಟು ಹೇಳಿದ್ರು ಅಂತ ದುಬಾರಿ ಅಂದ್ಕೊಂಡು ಬಿಟ್ಟಿದ್ವಿ. ಅವರು ಮುಂಭಾಗ ಮಾತ್ರ ಅಳೆಯೋರು. 75,600ಕ್ಕೆ ಮುಗೀತಿತ್ತು! ಇದಕ್ಕೆ ಸುಳ್ಳು ಅಂತಲೂ ಹೇಳೋಕಾಗಲ್ಲ, ಯಾಕಂದ್ರೆ ಹೇಗೆ ಅಳೀತೀವಿ ಅಂತ ಅವರು ಹೇಳಿರಲೇ ಇಲ್ಲ. ಎಂಜಿನಿಯರಿಂಗ್ ಓದ್ತಿರೋ ನಾನೂ ‘ಯಾವ ಏರಿಯಾ?’ ಅಂತ ಕೇಳಿರ್ಲಿಲ್ಲ.

ದುಡ್ಡು ಕೊಟ್ಟ ರೀತಿನೂ ನಮ್ಮದೇ ತಪ್ಪು. ಒಟ್ಟು 6,20,000. ಸಹಿ ಮಾಡಿದಾಗ ಅರ್ಧ, ಸಾಮಾನು ಬಂದಾಗ ಶೇ. 40, ಕೊನೆಗೆ ಶೇ. 10. ಅಂದ್ರೆ ಒಂದು ಮೊಳೆ ಹೊಡೆಯೋಕೆ ಮುಂಚೆ 5,58,000 ಹೋಗಿತ್ತು. ಆಮೇಲೆ ಫೋನ್ ಎತ್ತೋ ಅವಸರ ಅವರಿಗೆ ಯಾಕಿರುತ್ತೆ? ನನ್ನ ಪ್ರಕಾರ ಶುರುಗೆ ಸಾಮಾನು ತರೋವಷ್ಟು ಮಾತ್ರ ಕೊಟ್ಟು, ಉಳಿದದ್ದನ್ನ ಮುಗಿದ ಕೆಲಸ ನೋಡಿ ನೋಡಿ ಕೊಡ್ಬೇಕು. ಅದಕ್ಕೂ ಒಳ್ಳೇದು ಅಂದ್ರೆ ಪ್ಲೈ, ಹಿಂಜು, ವೈರು ನೀವೇ ತರೋದು. ನಮ್ಮ ಕಡೆಯೋರಿಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ದೂರ ಏನಿಲ್ಲ. ಡಿಸೈನರ್ ಕರ್ಕೊಂಡು ಹೋದ ಅಂಗಡಿಯಲ್ಲಿ ಅವರಿಗೆ ಕಮಿಷನ್ ಇರಬಹುದು ಅನ್ನೋದು ನೆನಪಿರ್ಲಿ. ಒಬ್ಬರೇ ಇನ್ನೊಂದು ಅಂಗಡಿಗೂ ಹೋಗಿ ರೇಟ್ ಕೇಳಿ.

ಎಲ್ಲ ಡಿಸೈನರ್‌ಗಳೂ ಹೀಗೇ ಅಂತ ನಾನು ಹೇಳ್ತಿಲ್ಲ. ಆರ್ಕಿಟೆಕ್ಚರ್ ಓದ್ತಿರೋ ಗೆಳತಿ ಈ ಲೇಖನ ಓದಿ ಜಗಳಕ್ಕೆ ಬಂದ್ಲು, ಕೊನೆ ಕಂತು ಕೊಡದೆ ಆಟ ಆಡ್ಸೋ ಮನೆಯವರೂ ಇದಾರೆ ಅಂದ್ಲು. ಒಪ್ತೀನಿ. ಆದ್ರೆ ಅವಳು ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕ್ಬೇಕಾದ್ರೆ 1972ರ ಕಾಯ್ದೆ ಪ್ರಕಾರ ಕೌನ್ಸಿಲ್‌ನಲ್ಲಿ ನೋಂದಣಿ ಆಗ್ಬೇಕು. ಇಂಟೀರಿಯರ್ ಡಿಸೈನರ್ ಅಂತ ಹಾಕ್ಕೊಳ್ಳೋಕೆ ಅಂಥದ್ದೊಂದು ಕಾಯ್ದೆ ಇಲ್ಲ, ವಿಸಿಟಿಂಗ್ ಕಾರ್ಡ್ ಸಾಕು. ಆದ್ದರಿಂದ ನಮ್ಮನ್ನ ಕಾಯೋದು ನಾವು ಬರೆಸ್ಕೊಂಡ ಕಾಗದ ಮಾತ್ರ. ಆ ಕಾಗದ ದುಡ್ಡು ಕೊಡೋರಿಗೆ ಅರ್ಥ ಆಗೋ ಭಾಷೆಯಲ್ಲಿ ಇರ್ಬೇಕು ಅನ್ನೋದೇ ನನ್ನ ವಾದ. ಅಪ್ಪ ಕನ್ನಡದಲ್ಲಿ ‘ಅಥವಾ ಸಮನಾದದ್ದು’ ಅಂತ ಓದಿದ್ರೆ ಖಂಡಿತ ಪೆನ್ನು ಕೆಳಗಿಟ್ಟು, "ಇದೇನು ಸ್ವಾಮಿ, ಸಮ ಅಂದ್ರೆ?" ಅಂತ ಕೇಳ್ತಿದ್ರು. ಅವರು ಮೂವತ್ತು ವರ್ಷ ವ್ಯಾಪಾರ ಮಾಡಿದೋರು. ಆ ಪ್ರಶ್ನೆ ಕೇಳೋ ಬುದ್ಧಿ ಅವರಿಗಿತ್ತು, ಓದೋ ಇಂಗ್ಲಿಷ್ ನನಗಿತ್ತು. ಎರಡೂ ಒಂದೇ ಕಡೆ ಇರ್ಲಿಲ್ಲ ಅಷ್ಟೇ.

ಈಗಾಗ್ಲೇ ಮೋಸ ಹೋಗಿದ್ರೆ ದಾರಿ ಇಲ್ಲ ಅಂತಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರೋ ಜಿಲ್ಲೆಯ ಆಯೋಗದಲ್ಲೇ ದೂರು ಕೊಡ್ಬಹುದು, ಎರಡು ವರ್ಷದ ಒಳಗೆ. ವಕೀಲರು ಬೇಕೇ ಬೇಕು ಅಂತಿಲ್ಲ. ಕೊಟ್ಟ ಹಣ 5 ಲಕ್ಷದವರೆಗಿದ್ರೆ ಶುಲ್ಕನೇ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. ಬಿಲ್ಲು, ವಾಟ್ಸ್ಆ್ಯಪ್ ಮೆಸೇಜು, ಫೋಟೋ ಏನೂ ಡಿಲೀಟ್ ಮಾಡ್ಬೇಡಿ. ನಾವು ಅಳತೆಯ ಫೋಟೋ ಕಳಿಸಿ, ಆಯೋಗಕ್ಕೆ ಹೋಗ್ತೀವಿ ಅಂತ ಪತ್ರ ಬರೆದ ಮೇಲೆ ಅವರು ಬಂದು ಸಿಂಕ್ ಬಾಕ್ಸ್ ಒಂದನ್ನ ಬದಲಾಯಿಸಿದ್ರು. ವಾರ್ಡ್‌ರೋಬಿನ ಲೆಕ್ಕ ಹಾಗೇ ಇದೆ. ಕೊನೆ 62,000 ಅಪ್ಪ ಕೊಟ್ಟಿಲ್ಲ.

ಅಪ್ಪ ನನ್ನನ್ನ ಒಂದು ಮಾತೂ ಬಯ್ಲಿಲ್ಲ. ಬಯ್ದಿದ್ರೆ ಚೆನ್ನಾಗಿರ್ತಿತ್ತು. ಹೋದ ಭಾನುವಾರ ಮಲ್ಲತ್ತಹಳ್ಳಿಯ ಚಿಕ್ಕಪ್ಪ ಅವರ ಮನೆ ಕೊಟೇಶನ್ ಕಳಿಸಿದಾಗ, "ನಮ್ ಮನೇಲಿ ಓದ್ತಾರೆ, ತಡಿ" ಅಂತ ಮತ್ತೆ ನನ್ನ ಕೈಗೇ ಕೊಟ್ರು. ಈ ಸಲ ಪೆನ್ಸಿಲ್ ಇಟ್ಕೊಂಡು, ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಒಂದೊಂದು ಸಾಲು ಕನ್ನಡದಲ್ಲಿ ಹೇಳ್ತಾ ಹೋದೆ. ಎರಡೂವರೆ ಗಂಟೆ ಆಯ್ತು. ಹನ್ನೊಂದು ಕಡೆ ಗೆರೆ ಬಿತ್ತು, ಅದರಲ್ಲಿ ಎಂಟು ಅಪ್ಪ ಹಾಕ್ಸಿದ್ದು.