ಕ್ಲಿಪ್ ತೆಗೆದ ದಿನ ಚಿಕಿತ್ಸೆ ಮುಗಿಯುವುದಿಲ್ಲ

ಮಣ್ಣೂರಿನಿಂದ ಮಗಳಿಗೋ ಮಗನಿಗೋ ಹಲ್ಲಿನ ಕ್ಲಿಪ್ ಹಾಕಿಸಲು ಕಲಬುರಗಿಗೆ ಹೊರಟವರಿಗೆ ಊರಲ್ಲಿ ಬುದ್ಧಿ ಹೇಳುವವರು ಬಹಳ. ‘ಎರಡ ವರ್ಷ ಅಡ್ಡಾಡಿ ರೊಕ್ಕ ಸುರದ್ರೂ ಹಲ್ಲು ಮತ್ತ ಮೊದಲಿನಂಗ ಆಗ್ತಾವ, ಸುಮ್ಮ ಯಾಕ?’ ಈ ಮಾತಿಗೆ ಅಂಜಿ ಚಿಕಿತ್ಸೆಯನ್ನೇ ಕೈಬಿಟ್ಟವರಿದ್ದಾರೆ. ಅದಕ್ಕೇ ಇದಕ್ಕೆ ಉತ್ತರ ಕೊಡಲೇಬೇಕು.

ಹಲ್ಲು ಸರಿಯುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವರ್ಷದ ನಂತರ ಕೆಳಗಿನ ಮುಂಬದಿಯ ಹಲ್ಲು ಒಪ್ಪುವಂತೆ ಉಳಿದದ್ದು ಶೇಕಡಾ 30ಕ್ಕಿಂತ ಕಡಿಮೆ ಜನರಲ್ಲಿ. ಆದರೆ ಆ ಹತ್ತು ವರ್ಷವನ್ನು ಅವರು ಎಣಿಸಿದ್ದು ರಿಟೇನರ್, ಅಂದರೆ ಕ್ಲಿಪ್ ತೆಗೆದ ಮೇಲೆ ಹಲ್ಲು ಸರಿಯದಂತೆ ಹಿಡಿದಿಡುವ ಸಾಧನ, ಬಿಟ್ಟ ದಿನದಿಂದ. ಆಕ್ಷೇಪ ಎತ್ತುವವರು ಈ ಅರ್ಧವನ್ನು ನುಂಗಿಬಿಡುತ್ತಾರೆ. ಆ ಅಂಕಿ ರಿಟೇನರ್ ಬಿಡಬಾರದೆಂದು ಹೇಳುತ್ತದೆಯೇ ಹೊರತು ಕ್ಲಿಪ್ ಹಾಕಬಾರದೆಂದಲ್ಲ.

‘ಡಾಕ್ಟರ್ ಸರಿಯಾಗಿ ಮಾಡಿದ್ದರೆ ಯಾಕೆ ಸರಿಯುತ್ತಿದ್ದವು?’ ಎಂಬುದು ಇನ್ನೊಂದು ವಾದ. ಕ್ಲಿಪ್ ಮುಟ್ಟಿಸದ ಬಾಯಿಯಲ್ಲೂ ಹಲ್ಲು ಸರಿಯುತ್ತವೆ. ಹರೆಯ ದಾಟಿದಂತೆ ಕೆಳದವಡೆಯ ಹಲ್ಲಿನ ಸಾಲು ಉದ್ದದಲ್ಲಿ ಕುಗ್ಗುತ್ತದೆ, ಮುಂದಿನ ಹಲ್ಲುಗಳು ಒತ್ತೊತ್ತಾಗುತ್ತವೆ. ಚಿಕಿತ್ಸೆಯನ್ನೇ ಪಡೆಯದವರ ದಾಖಲೆಗಳನ್ನು ನೋಡಿ ಇದೇ ಲಿಟಲ್ ಮತ್ತು ಸಿಂಕ್ಲೇರ್ 1983ರಲ್ಲಿ ಇದನ್ನು ತೋರಿಸಿದ್ದಾರೆ. ಕ್ಲಿಪ್ ಹಾಕಿಸಿಕೊಂಡವರಿಗೆ ಇದರ ಮೇಲೆ ಇನ್ನೊಂದು ಕಾರಣ ಸೇರುತ್ತದೆ. ಬೇರನ್ನು ಎಲುಬಿಗೆ ಹಿಡಿದಿರುವ ನಾರು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ಒಸಡಿನ ಎಳೆತವಿರುವ ನಾರುಗಳಿಗೆ ಒಂದು ವರ್ಷವೂ ಹಿಡಿಯಬಹುದು. ಅಲ್ಲಿಯವರೆಗೆ ಅವು ಹಲ್ಲನ್ನು ಹಳೆಯ ಜಾಗಕ್ಕೆ ಜಗ್ಗುತ್ತಲೇ ಇರುತ್ತವೆ, ತಿರುಚಿದ್ದ ಹಲ್ಲನ್ನಂತೂ ಬಹಳ ಬಲವಾಗಿ.

ಬುದ್ಧಿಹಲ್ಲು ತಳ್ಳುತ್ತದೆ, ಮೊದಲು ಅದನ್ನು ಕೀಳಿಸಿ ಎನ್ನುವವರೂ ಇದ್ದಾರೆ. 1998ರಲ್ಲಿ ಹ್ಯಾರಡೈನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇದನ್ನು ಒಪ್ಪಲಿಲ್ಲ. ಹುಳುಕು, ಕೀವು, ನೋವು ಇದ್ದರೆ ಕೀಳಿಸಿ. ಸಾಲು ನೆಟ್ಟಗಿರಲಿ ಎಂದು ಮಾತ್ರ ಬೇಡ.

‘ರಿಟೇನರ್ ಅನ್ನೋದು ರೊಕ್ಕ ಕೀಳೋ ದಾರಿ’ ಎಂಬ ಸಿಟ್ಟಿನಲ್ಲಿ ಒಂದು ನಿಜವಿದೆ. ವರ್ಷಗಟ್ಟಲೆ ಹಾಕಿಕೊಳ್ಳಬೇಕೆಂಬುದನ್ನು ಮೊದಲ ದಿನವೇ ಹೇಳದೆ, ಕ್ಲಿಪ್ ಬಿಚ್ಚುವಾಗ ಹೇಳುವುದು ವೈದ್ಯರ ತಪ್ಪು. ಈ ತಪ್ಪಿಗೆ ನಾನು ವಕಾಲತ್ತು ವಹಿಸುವುದಿಲ್ಲ. ಆದರೆ ರಿಟೇನರ್ ದುಬಾರಿಯದೇ ಆಗಬೇಕಿಲ್ಲ. ತೆಗೆದು ಹಾಕುವ ತಟ್ಟೆಯಂಥ ಹಾಲಿ (Hawley) ರಿಟೇನರ್ ನೂರು ವರ್ಷ ಹಳೆಯದು. ಪಾರದರ್ಶಕ ಹೊದಿಕೆ, ಹಲ್ಲಿನ ಹಿಂದೆ ಅಂಟಿಸುವ ತಂತಿ ಆಮೇಲೆ ಬಂದವು. ಇವುಗಳಲ್ಲಿ ಇಂಥದ್ದೇ ಮೇಲು ಎನ್ನಲು ಗಟ್ಟಿ ಪುರಾವೆ ಇಲ್ಲವೆಂದು, ಅಧ್ಯಯನಗಳನ್ನು ಒಟ್ಟುಹಾಕಿ ತೂಗುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆಗಳು ಹೇಳಿವೆ. ತೆಗೆದು ಹಾಕುವಂಥದ್ದನ್ನು ಬಹಳ ಜನಕ್ಕೆ ರಾತ್ರಿ ಹಾಕಿಕೊಂಡರೆ ಸಾಕಾಗುತ್ತದೆ.

ಅಂಟಿಸಿದ ತಂತಿಯ ಬಗ್ಗೆ ನನಗೊಂದು ಅಳುಕಿದೆ. ನೆನಪಿಟ್ಟುಕೊಳ್ಳುವ ಕೆಲಸವಿಲ್ಲ, ನಿಜ. ಆದರೆ ಒಂದು ಕಡೆ ಬಿಟ್ಟುಕೊಂಡರೆ ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಹಲ್ಲು ಸರಿದಿರುತ್ತದೆ. ಅದರ ಸುತ್ತ ಕಿಟ್ಟವೂ ಕಟ್ಟುತ್ತದೆ. ಕಲಬುರಗಿಗೆ ಒಮ್ಮೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕಾದ ಮನೆಗೆ ಇದನ್ನು ಆಗಾಗ ತೋರಿಸಿಕೊಂಡು ಬರುವುದು ಸಣ್ಣ ಮಾತಲ್ಲ. ಅಂಥವರಿಗೆ ತೆಗೆದು ಹಾಕುವಂಥದ್ದೇ ಮೇಲು, ಸಾಧ್ಯವಾದರೆ ಎರಡು ಮಾಡಿಸಿಕೊಳ್ಳಲಿ. ಪಾರದರ್ಶಕ ಹೊದಿಕೆಯನ್ನು ಬಿಸಿನೀರಲ್ಲಿ ತೊಳೆದರೆ ಸೊಟ್ಟಗಾಗುತ್ತದೆ. ಊಟಕ್ಕೆ ಕೂತಾಗ ಕಾಗದದಲ್ಲಿ ಸುತ್ತಿಟ್ಟರೆ ಕಸಕ್ಕೆ ಹೋಗುತ್ತದೆ. ಮದುವೆಯಾಗಿ ಗಂಡನ ಮನೆಗೆ ಹೋದ ಹುಡುಗಿಯೂ ರಿಟೇನರ್ ಬಿಡದೆ, ಸಂಕೋಚಪಡದೆ ಹಾಕಿಕೊಳ್ಳಲಿ.

ಕಲಬುರಗಿಯಲ್ಲಿ ಎಸ್. ನಿಜಲಿಂಗಪ್ಪ ಮತ್ತು ಅಲ್-ಬದರ್ ದಂತ ಕಾಲೇಜುಗಳಿವೆ, ಖಾಸಗಿ ದವಾಖಾನೆಗಳೂ ಇವೆ. ಎಲ್ಲಿಗೇ ಹೋಗಿ, ತಂತಿ ಬಿಗಿಯುವ ಮೊದಲೇ ಕೇಳಿ: ಮುಂದೆ ಯಾವ ರಿಟೇನರ್ ಕೊಡುತ್ತೀರಿ, ಅದರ ರೊಕ್ಕ ಈ ಲೆಕ್ಕದಲ್ಲೇ ಸೇರಿದೆಯೇ, ಕಳೆದರೆ ಎಷ್ಟು, ವರ್ಷಕ್ಕೆ ಎಷ್ಟು ಸಲ ಬರಬೇಕು? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.