ಅಡ್ಡಹೆಸರು ಯಾರ ಸ್ವತ್ತು?

ನಮ್ಮ ಮೇಡ್ಲೇರಿಯ ಕಡೆ ‘ಅಡ್ಡಹೆಸರು’ ಎಂದರೆ ಮನೆತನದ ಹೆಸರು. ಮೈಸೂರು ಸೀಮೆಯಲ್ಲಿ ಅದೇ ಶಬ್ದಕ್ಕೆ ಗೆಳೆಯರು ತಮಾಷೆಗೆ ಇಟ್ಟ ಹೆಸರು ಎಂಬ ಅರ್ಥ. ಈ ಎರಡು ಅರ್ಥಗಳು ಬಹಳ ದೂರದವಲ್ಲವೆಂದು ನನಗೆ ತೋರುತ್ತದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ, ಹುಣಸಿಮರದ ಮುಂತಾದ ಮನೆತನದ ಹೆಸರುಗಳು ಯಾವುದೋ ಕಾಲದಲ್ಲಿ ನೆರೆಹೊರೆಯವರ ಬಾಯಿಂದಲೇ ಹುಟ್ಟಿರಬೇಕು. ಯಾರದೋ ವ್ಯಾಪಾರದಿಂದ, ಯಾರದೋ ಅಂಗಳದ ಮರದಿಂದ ಮನೆ ಗುರುತಾಯಿತು. ಮುಂದೆ ಅದು ಹೊಲದ ಉತಾರವನ್ನೂ ಶಾಲೆಯ ಹಾಜರಿ ಪುಸ್ತಕವನ್ನೂ ಸೇರಿ ಗೌರವದ ಹೆಸರಾಯಿತು.

ಇಂಥ ಹೆಸರುಗಳನ್ನು ಹೊತ್ತು ಬೆಂಗಳೂರಿಗೆ ಹೋದ ನಮ್ಮ ಹುಡುಗರ ಪಾಡು ಬೇರೆ. ಮೆಣಸಿನಕಾಯಿ ಮನೆತನದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಸಹೋದ್ಯೋಗಿಗಳು ‘ಚಿಲ್ಲಿ’ ಎಂದು ಕರೆಯುತ್ತಾರಂತೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆ ಬೆಳೆಯ ಹೆಸರು ಹೊತ್ತವನು ನಾಚಿಕೊಳ್ಳಲು ಕಾರಣವಿಲ್ಲ. ಆದರೂ ದೀಪಾವಳಿಗೆ ಊರಿಗೆ ಬಂದವನು, “ಸರ್, ಈಗ ಹೆಸರಿನ ಮುಂದ ಬರೇ ‘ಎಂ’ ಅಂತ ಬರಿತೀನ್ರಿ” ಎಂದಾಗ ನನ್ನ ಮನಸ್ಸು ಮುದುಡಿತು. ತಲೆಮಾರುಗಳ ಹೆಸರೊಂದು ಕೆಲವರ ನಗೆಗೆ ಅಂಜಿ ಒಂದಕ್ಷರಕ್ಕೆ ಇಳಿದಿತ್ತು.

ಮನೆಯೊಳಗಿನ ಮುದ್ದಿನ ಹೆಸರುಗಳ ಕಥೆ ಇನ್ನೊಂದು. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಅನೇಕ ಮನೆಗಳ ರೂಢಿ. ಆದರೆ ಮಾವನ ಹೆಸರನ್ನು ಸೊಸೆ ಉಚ್ಚರಿಸುವಂತಿರಲಿಲ್ಲ. ಆದುದರಿಂದ ನಮ್ಮ ಅವ್ವ ನನ್ನನ್ನು ‘ಅಜ್ಜಪ್ಪ’ ಎಂದೇ ಕರೆಯುತ್ತಿದ್ದಳು. ತೊಟ್ಟಿಲಲ್ಲಿಯೇ ಅಜ್ಜನಾದವನು ನಾನು! ಆ ಹೆಸರಿನಲ್ಲಿ ಮಾವನ ಮೇಲಿನ ಮರ್ಯಾದೆಯೂ ಮಗನ ಮೇಲಿನ ಅಕ್ಕರೆಯೂ ಕೂಡಿದ್ದವು. ಇಂದು ಹಾಗೆ ಕರೆಯಲು ಉಳಿದವಳು ನನ್ನ ಅಕ್ಕ ಒಬ್ಬಳೇ. ಅವಳು ಕರೆದರೆ ಅರವತ್ತು ದಾಟಿದ ನಾನು ಮತ್ತೆ ಚಡ್ಡಿ ತೊಟ್ಟ ಹುಡುಗನಾಗುತ್ತೇನೆ. ಮದುವೆಮನೆಯೊಂದರಲ್ಲಿ ಅದನ್ನು ಕೇಳಿಸಿಕೊಂಡ ಅಪರಿಚಿತರೊಬ್ಬರು “ಏನ್ರೀ ಅಜ್ಜಪ್ಪ” ಎಂದಾಗ ಮಾತ್ರ ಅದೇ ಅಕ್ಷರಗಳು ಕಿವಿಗೆ ಒರಟಾದವು.

ಹಾಗೆಂದು ಮುದ್ದಿನ ಹೆಸರು ಹೊರಗಿನವರ ಬಾಯಲ್ಲಿ ಸಲ್ಲುವುದೇ ಇಲ್ಲವೆಂದು ಹೇಳಲಾರೆ. ನಮ್ಮ ಜಿಲ್ಲೆಯ ಕುರಬಗೊಂಡದಲ್ಲಿ 1921ರಲ್ಲಿ ಜನಿಸಿದ ಪಾಟೀಲ ಪುಟ್ಟಪ್ಪನವರು 2020ರಲ್ಲಿ ತೀರಿಕೊಳ್ಳುವವರೆಗೂ ನಾಡಿಗೆಲ್ಲ ‘ಪಾಪು’ ಆಗಿದ್ದರು. ಆ ಶಬ್ದಕ್ಕೆ ಕೂಸು ಎಂಬ ಅರ್ಥವಿದ್ದರೂ ಹಿರಿಯ ಪತ್ರಕರ್ತರ ಗೌರವ ಎಳ್ಳಷ್ಟೂ ಕುಂದಲಿಲ್ಲ. ಕರೆದವರಲ್ಲಿ ಅಭಿಮಾನವಿತ್ತು, ಕರೆಸಿಕೊಂಡವರಲ್ಲಿ ಸಮ್ಮತಿಯಿತ್ತು.

ಇನ್ನು ತರಗತಿಯ ಮಾತು. ಹುಡುಗರು ಮಾಸ್ತರರಿಗೆ ಹೆಸರಿಡದ ಶಾಲೆಯಿಲ್ಲ. ನೀವು ಬೆನ್ನ ಹಿಂದೆ ನನಗಿಟ್ಟಿದ್ದ ಹೆಸರೂ ನನಗೆ ಗೊತ್ತಿತ್ತು, ಚಿಂತಿಸಬೇಡಿರಿ! ಅಧಿಕಾರವಿಲ್ಲದವರಿಗೆ ಅಷ್ಟು ಸಲುಗೆ ಇರಲಿ. ಆದರೆ ಮಾಸ್ತರನೇ ಹುಡುಗನನ್ನು ‘ಕುಂಟ’, ‘ಕರಿಯ’, ‘ದಡ್ಡ’ ಎಂದು ಕರೆದರೆ ಅವನು ತಿರುಗಿ ಏನೆಂದಾನು? ತರಗತಿಯೆಲ್ಲ ನಗುವಾಗ ಅವನೂ ನಗುತ್ತಾನೆ. ಆ ನಗೆಯನ್ನು ಒಪ್ಪಿಗೆಯೆಂದು ತಿಳಿಯುವುದು ಅನ್ಯಾಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯೊಂದಿಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ವಿಕಲಚೇತನರನ್ನು ಜನರೆದುರು ಬೇಕೆಂದೇ ಅವಮಾನಿಸುವುದು 2016ರ ಕಾಯ್ದೆಯಂತೆ ಜೈಲುಶಿಕ್ಷೆಗೆ ಅರ್ಹವಾದ ಅಪರಾಧ. ಕಾಯ್ದೆ ಬರುವ ಮೊದಲೂ ಅದು ಸರಿಯಾದ ನಡತೆಯೇನೂ ಆಗಿರಲಿಲ್ಲ.

ಇವೆಲ್ಲಕ್ಕೂ ನನ್ನ ಅಳತೆಗೋಲು ಒಂದೇ. ಕರೆಸಿಕೊಳ್ಳುವವನು ‘ಹಾಗೆ ಕರೆಯಬೇಡ’ ಎಂದು ಅಂಜದೆ ಹೇಳಬಲ್ಲನೆ? ಹೇಳಿದರೆ ಕರೆಯುವವನು ನಿಲ್ಲಿಸುವನೆ? ಎರಡಕ್ಕೂ ಹೌದೆಂಬ ಉತ್ತರವಿದ್ದರೆ ಅದು ಸ್ನೇಹದ ಹೆಸರು. ಇಲ್ಲವಾದರೆ ಹಾಜರಿ ಪುಸ್ತಕದ ಹೆಸರೇ ಲೇಸು.

ವಿದ್ಯಾರ್ಥಿ ಮಿತ್ರರೇ, ಗುರುವಂದನೆಯ ಕಾರ್ಯಕ್ರಮಗಳಿಗೆ ನೀವೀಗ ಮಡದಿ ಮಕ್ಕಳೊಡನೆ ಬರುತ್ತೀರಿ. ಹಳೆಯ ಗೆಳೆಯನನ್ನು ಅವನ ಮಕ್ಕಳೆದುರು ಅಂದಿನ ಅಡ್ಡಹೆಸರಿನಿಂದ ಕೂಗುವ ಮೊದಲು ಮೆಲ್ಲಗೆ ಅವನನ್ನೇ ಕೇಳಿರಿ. ನನ್ನನ್ನು ಎಂದಿನಂತೆ ‘ಸರ್’ ಎನ್ನಿರಿ. ‘ಅಜ್ಜಪ್ಪ’ ನನ್ನ ಅಕ್ಕನಿಗೇ ಇರಲಿ.