ಕಿಟಕಿಯ ಬಣ್ಣ ಕೆರೆಯುವ ಮುನ್ನ



ಈ ಬಾರಿ ನೆನಪಿನ ಬುತ್ತಿಯನ್ನು ಬಿಚ್ಚುವಾಗ ಅದರೊಡನೆ ಒಂದು ತಪ್ಪೊಪ್ಪಿಗೆಯನ್ನೂ ನಿಮ್ಮ ಮುಂದಿಡಬೇಕಾಗಿದೆ. ವಿಷಯ ಮೇಲ್ನೋಟಕ್ಕೆ ತೀರ ಸಾಮಾನ್ಯವಾದುದು. ಹಳೆಯ ಮನೆಯ ಬಾಗಿಲು ಕಿಟಕಿಗಳ ಹಳೆಯ ಬಣ್ಣವನ್ನು ಹೇಗೆ ತೆಗೆಯಬೇಕು, ಹೇಗೆ ತೆಗೆಯಬಾರದು ಎಂಬುದು. ಇಷ್ಟು ಸಣ್ಣ ವಿಷಯಕ್ಕೆ ಮೇಷ್ಟ್ರು ಇಷ್ಟು ದೊಡ್ಡ ಪೀಠಿಕೆ ಹಾಕುತ್ತಿದ್ದಾರಲ್ಲ ಎಂದು ನಗಬೇಡಿ. ಕೊನೆಯವರೆಗೆ ಓದಿ.

ಎಂಬತ್ತರ ದಶಕದ ಕೊನೆಯಲ್ಲಿ, ತೊಂಬತ್ತರ ದಶಕದಲ್ಲಿ ನನ್ನ ಕೈಕೆಳಗೆ ಓದಿದವರಿಗೆ ಆಗಸ್ಟ್ ತಿಂಗಳ ಶ್ರಮದಾನ ನೆನಪಿರಲೇಬೇಕು. ಸ್ವಾತಂತ್ರ್ಯ ದಿನಾಚರಣೆಗೆ ಒಂದು ವಾರವಿರುವಾಗ ಒಂಬತ್ತು ಮತ್ತು ಹತ್ತನೆಯ ತರಗತಿಯ ಹುಡುಗರನ್ನು ಕರೆದು, ಒಬ್ಬೊಬ್ಬರ ಕೈಗೆ ಒಂದೊಂದು ಉಪ್ಪುಕಾಗದದ ತುಂಡನ್ನೋ ಒಡೆದ ಗಾಜಿನ ಚೂರನ್ನೋ ಕೊಟ್ಟು, ಕಿಟಕಿಗಳ ಹಸಿರು ಬಣ್ಣವನ್ನು ಕೆರೆಯಲು ಹಚ್ಚುತ್ತಿದ್ದವನು ನಾನೇ. ಕಟ್ಟಡ ಹಳೆಯದು. ಬಣ್ಣ ಪದರ ಪದರವಾಗಿ ಎದ್ದಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಿಮ್ಮ ಬಿಳಿಯ ಅಂಗಿ, ಕೂದಲು, ಹುಬ್ಬು ಎಲ್ಲವೂ ಹಸಿರಾಗುತ್ತಿದ್ದವು. ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದಿರಿ. ಕೆಲಸ ಮುಗಿದ ಮೇಲೆ ಶಾಲೆಯಿಂದ ಮಂಡಕ್ಕಿ ಹಂಚುತ್ತಿದ್ದೆವು. ಕೈಯನ್ನು ಚಡ್ಡಿಗೆ ಒರೆಸಿಕೊಂಡು ಹಾಗೆಯೇ ತಿನ್ನುತ್ತಿದ್ದಿರಿ. ನಾನು ಪಕ್ಕದಲ್ಲಿಯೇ ನಿಂತು ನೋಡುತ್ತಿದ್ದೆ, ಸಂತೋಷಪಡುತ್ತಿದ್ದೆ.

ಅದೇ ವರ್ಷ, ಅದೇ ಹುಡುಗರಿಗೆ, ರಸಾಯನಶಾಸ್ತ್ರದ ತರಗತಿಯಲ್ಲಿ ಸೀಸದ ಸಂಯುಕ್ತಗಳು ವಿಷಕಾರಿ ಎಂದು ಕಪ್ಪುಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದವನೂ ನಾನೇ. ಬಣ್ಣಗಳ ತಯಾರಿಕೆಯಲ್ಲಿ ಅವು ಬಳಕೆಯಾಗುತ್ತವೆ ಎಂಬುದನ್ನು ಪರೀಕ್ಷೆಗೆ ಮುಖ್ಯವೆಂದು ಹೇಳಿ ಬಾಯಿಪಾಠ ಮಾಡಿಸಿದ್ದೆ. ಹಲಗೆಯಿಂದ ಕಿಟಕಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ನನ್ನ ಬುದ್ಧಿ ಮೂವತ್ತು ವರ್ಷವಾದರೂ ನಡೆಯಲಿಲ್ಲ.

ನಡೆಸಿದವಳು ನನ್ನ ಮಗಳು. ಕಳೆದ ವರ್ಷ ಅವಳು ಅಮೆರಿಕದಿಂದ ಒಂದು ವರ್ಷ ತುಂಬಿದ ಮಗುವಿನೊಡನೆ ಬರುವವಳಿದ್ದಳು. ನಮ್ಮದು ನನ್ನ ತಂದೆ ಕಟ್ಟಿಸಿದ ಮನೆ. ಅರವತ್ತು ವರ್ಷ ದಾಟಿದೆ. ಮೊಮ್ಮಗ ಮೊದಲ ಸಲ ಬರುವಾಗ ಮನೆ ಲಕ್ಷಣವಾಗಿರಲಿ ಎಂದು ಬಣ್ಣ ಹೊಡೆಸಲು ನಿಶ್ಚಯಿಸಿದೆ. ಫೋನಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡರೆ ಅವಳು ಕೇಳಿದ ಮೊದಲ ಪ್ರಶ್ನೆ, "ಅಪ್ಪಾ, ಹಳೇ ಬಣ್ಣ ಕೆರೀತಾರಾ?" ಎಂದು. ಕೆರೆಯದೆ ಹೊಸ ಬಣ್ಣ ನಿಲ್ಲುತ್ತದೆಯೇ ಎಂದೆ. "ಹಾಗಿದ್ರೆ ನಾನು ಮಗೂನ ಕರ್ಕೊಂಡು ಬರೋಲ್ಲ" ಎಂದಳು.

ನನಗೆ ಕೋಪ ಬಂದಿತು. ನಾಲ್ಕು ವರ್ಷ ಪರದೇಶದಲ್ಲಿದ್ದ ಮಾತ್ರಕ್ಕೆ ಹುಟ್ಟಿದ ಮನೆ ವಿಷವಾಯಿತೇ, ಇದೇ ಕಿಟಕಿಯ ಸರಳು ಹಿಡಿದು ನೀನೂ ಬೆಳೆಯಲಿಲ್ಲವೇ ಎಂದು ಗದರಿದೆ. ಅವಳು ಸಮಾಧಾನದಿಂದಲೇ ವಿವರಿಸಿದಳು. ಅಲ್ಲಿ 1978ರಲ್ಲಿಯೇ ಮನೆಬಳಕೆಯ ಸೀಸದ ಬಣ್ಣವನ್ನು ನಿಷೇಧಿಸಿದ್ದಾರೆ. ಅದಕ್ಕೂ ಹಿಂದೆ ಕಟ್ಟಿದ ಮನೆಯನ್ನು ಮಾರುವವರು, ಬಾಡಿಗೆಗೆ ಕೊಡುವವರು ಸೀಸದ ಬಣ್ಣದ ಬಗ್ಗೆ ತಮಗೆ ತಿಳಿದಿರುವುದನ್ನು ಬರೆದುಕೊಡಬೇಕು. 2010ರಿಂದೀಚೆಗೆ ಅಂತಹ ಮನೆಗಳ ರಿಪೇರಿಯನ್ನು ಕೂಲಿಗೆ ಮಾಡುವವರು ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರಬೇಕು. ಇವಳ ಬಾಡಿಗೆ ಮನೆಯೂ ಹಳೆಯದಾದ್ದರಿಂದ ಮಗುವಿನ ರಕ್ತದಲ್ಲಿ ಸೀಸವಿದೆಯೇ ಎಂದು ವೈದ್ಯರು ಪರೀಕ್ಷೆ ಮಾಡಿಸಿದ್ದರಂತೆ. ಫೋನಿಟ್ಟ ಮೇಲೆ ನಾನು ಬಹಳ ಹೊತ್ತು ಜಗಲಿಯಲ್ಲಿ ಕುಳಿತು ಕಿಟಕಿಯನ್ನೇ ನೋಡಿದೆ. ಆ ಕಿಟಕಿ ಕ್ರಮೇಣ ಶಾಲೆಯ ಕಿಟಕಿಯಾಯಿತು.

ಬಣ್ಣಕ್ಕೆ ಸೀಸವನ್ನು ಏಕೆ ಬೆರೆಸುತ್ತಿದ್ದರು ಎಂಬುದನ್ನು ಒಮ್ಮೆ ನೆನಪಿಸುತ್ತೇನೆ. ಬಿಳಿಯ ಬಣ್ಣಕ್ಕೆ ಸೀಸದ ಕಾರ್ಬೊನೇಟ್, ಹಳದಿಗೆ ಸೀಸದ ಕ್ರೋಮೇಟ್, ಆ ಹಳದಿಗೆ ನೀಲಿ ಬೆರೆಸಿದರೆ ಹಸಿರು. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಬಳಿಯುತ್ತಿದ್ದ ಕೆಂಪು ಸೀಸ ಮತ್ತೊಂದು. ಇಂದಿನ ರೆಡ್ ಆಕ್ಸೈಡ್ ಬೇರೆ, ಅದು ಕಬ್ಬಿಣದ ಆಕ್ಸೈಡು. ಎಣ್ಣೆಬಣ್ಣ ಬೇಗ ಒಣಗಲೆಂದೂ ಸೀಸದ ಲವಣಗಳನ್ನು ಹಾಕುತ್ತಿದ್ದರು. ಆದ್ದರಿಂದ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಸುಣ್ಣ ಬಳಿದ ಗೋಡೆಗೆ ಹೆದರಬೇಕಾಗಿಲ್ಲ. ಎಣ್ಣೆಬಣ್ಣ ಕಂಡ ಬಾಗಿಲು, ಕಿಟಕಿ, ಸರಳು, ಕಟಕಟೆ, ತೊಟ್ಟಿಲು, ಹಳೆಯ ಕಪಾಟುಗಳನ್ನು ಸಂಶಯದಿಂದ ನೋಡಬೇಕು.

ಇದೇನೂ ಹೊಸದಾಗಿ ಗೊತ್ತಾದ ಸಂಗತಿಯಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯರು 1904ರಲ್ಲಿಯೇ ಮಕ್ಕಳಿಗೆ ಸೀಸದ ವಿಷ ಏರುತ್ತಿರುವುದು ಜಗಲಿಯ ಕಟಕಟೆಗಳ ಪುಡಿಯಾಗುವ ಬಣ್ಣದಿಂದ ಎಂದು ತೋರಿಸಿಕೊಟ್ಟರು. ಮಕ್ಕಳು ಕಟಕಟೆ ಹಿಡಿಯುತ್ತಿದ್ದರು, ಅದೇ ಬೆರಳನ್ನು ಬಾಯಿಗಿಡುತ್ತಿದ್ದರು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2016ರ ನವೆಂಬರಿನಲ್ಲಿ ಪ್ರಕಟವಾಗಿ, ಒಂದು ವರ್ಷದ ನಂತರ ಜಾರಿಗೆ ಬಂದಿತು. ಗಿಬ್ಸನ್ನರ ಎಚ್ಚರಿಕೆಗೂ ನಮ್ಮ ನಿಯಮಕ್ಕೂ ನಡುವೆ ನೂರು ವರ್ಷಕ್ಕೂ ಹೆಚ್ಚಿನ ಅಂತರ. ಆ ಅಂತರದಲ್ಲಿ ಬಳಿದ ಪ್ರತಿಯೊಂದು ಬಣ್ಣದಲ್ಲೂ ಸೀಸವಿತ್ತೆಂದಲ್ಲ. ಆದರೆ ಯಾವುದರಲ್ಲಿತ್ತು, ಯಾವುದರಲ್ಲಿರಲಿಲ್ಲ ಎಂದು ಕಣ್ಣಿನಿಂದ ನೋಡಿ ಹೇಳುವಂತಿಲ್ಲ. ಪರೀಕ್ಷೆ ಮಾಡಿಸುವವರೆಗೆ ಇದೆಯೆಂದೇ ತಿಳಿದು ನಡೆಯುವುದು ವಿವೇಕ.

ಕನ್ನಡನಾಡಿಗೆ ಈ ಎಚ್ಚರ ಬಾರದೇ ಇರಲಿಲ್ಲ. 1999ರ ಫೆಬ್ರವರಿಯಲ್ಲಿ ಸೀಸದ ವಿಷವನ್ನು ತಡೆಯುವ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೊಂದು ಬೆಂಗಳೂರಿನಲ್ಲಿಯೇ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯಕ್ಕಾಗಿಯೇ ದಶಕಗಳ ಕಾಲ ದುಡಿದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ನಾವು ಅದನ್ನು ಪತ್ರಿಕೆಯಲ್ಲಿ ಓದಿ, ಪುಟ ಮಡಿಸಿ, ಆಗಸ್ಟಿನಲ್ಲಿ ಮತ್ತೆ ಉಪ್ಪುಕಾಗದ ತರಿಸಿದೆವು.

"ನಾವೆಲ್ಲ ಅದೇ ಧೂಳಿನಲ್ಲಿ ಬೆಳೆಯಲಿಲ್ಲವೇ, ಏನಾಯಿತು?" ಎಂದು ಕೇಳುವವರಿದ್ದಾರೆ. ನಾನೂ ಮಗಳಿಗೆ ಅದನ್ನೇ ಕೇಳಿದೆನಲ್ಲ. ಸೀಸದ ಸ್ವಭಾವವೇ ಹಾಗೆ. ಅದು ಹಾವಿನಂತೆ ಕಚ್ಚಿ ಕೆಡವುವುದಿಲ್ಲ, ಗೆದ್ದಲಿನಂತೆ ಒಳಗಿನಿಂದ ತಿನ್ನುತ್ತದೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅದು ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಏಕಾಗ್ರತೆ ಕೆಡುತ್ತದೆ, ಕಲಿಕೆ ಹಿಂದೆ ಬೀಳುತ್ತದೆ, ಸಿಡುಕು ಹೆಚ್ಚುತ್ತದೆ. ಇಷ್ಟರವರೆಗೆ ಇದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಲ್ಲಿ ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡ ಹಾಳಾಗುತ್ತದೆ.

ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಎಷ್ಟು ಮಂದಿಯನ್ನು "ಮಂದಮತಿ, ಗಮನವೆಲ್ಲೋ ನಿನಗೆ" ಎಂದು ನಾನು ಬೈದಿದ್ದೇನೆ! ಅವರಲ್ಲಿ ಯಾರಿಗೂ ಸೀಸದಿಂದ ಹಾಗಾಯಿತೆಂದು ನಾನು ಹೇಳಲಾರೆ. ಆದರೆ ಯಾರಿಗೂ ಆಗಿರಲಾರದು ಎಂದು ಹೇಳುವ ಧೈರ್ಯವೂ ಈಗ ನನಗಿಲ್ಲ.

ಮನೆಯ ಕೆಲಸಕ್ಕೆ ಬಂದ ಪೇಂಟರ್ ನನ್ನ ಶಿಷ್ಯನೇ. ಶ್ರಮದಾನದ ಹುಡುಗರಲ್ಲಿ ಒಬ್ಬ. ಹತ್ತನೆಯ ತರಗತಿಯಲ್ಲಿ ನಪಾಸಾದ ಮೇಲೆ ಇದೇ ಕಸುಬು ಹಿಡಿದ. ಒಣದಾಗಿ ಉಜ್ಜಬೇಡವಪ್ಪ, ಧೂಳು ವಿಷ ಎಂದೆ. ಅವನು ನಕ್ಕು, "ಸಾರ್, ಉಪ್ಪುಕಾಗದ ಹಿಡಿಯೋದನ್ನ ನೀವೇ ಅಲ್ವಾ ಕಲಿಸಿದ್ದು" ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ, ಗುರುಭಕ್ತಿಯೇ ಇತ್ತು. ಅದಕ್ಕೇ ಅದು ಇನ್ನೂ ಚುಚ್ಚುತ್ತಿದೆ. ಸಂಜೆ ಕೆಲಸ ಮುಗಿಸಿ ಅದೇ ಅಂಗಿಯಲ್ಲಿ ಮನೆಗೆ ಹೋಗುತ್ತಾನೆ, ಮಗಳು ಓಡಿಬಂದು ತೊಡೆಯೇರುತ್ತಾಳೆ ಎಂದು ಮಾತಿನ ನಡುವೆ ಹೇಳಿದ. ಅವನನ್ನು ಕೂರಿಸಿಕೊಂಡು ಮೂವತ್ತು ವರ್ಷ ತಡವಾಗಿ ಆ ಪಾಠವನ್ನು ಮತ್ತೊಮ್ಮೆ ಮಾಡಿದೆ. ನಂತರ ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿದೆ. ಫಲಿತಾಂಶ ಅವನ ಸ್ವಂತ ವಿಷಯ, ಇಲ್ಲಿ ಬರೆಯುವುದಿಲ್ಲ. ಇನ್ನು ಮುಂದೆ ಒಣಧೂಳಿನ ಕೆಲಸ ಬೇಡವೆಂದು ವೈದ್ಯರು ಹೇಳಿದ್ದಾರೆ ಎಂಬಷ್ಟನ್ನು ಮಾತ್ರ ಅವನ ಒಪ್ಪಿಗೆಯಿಂದ ಹೇಳುತ್ತೇನೆ.

ಕೊನೆಗೆ ನಾವಿಬ್ಬರೂ ಸೇರಿ ಕೆಲಸ ಮಾಡಿಸಿದ ಕ್ರಮವನ್ನು ಹೇಳುತ್ತೇನೆ. ನಿಮಗೆ ಉಪಯೋಗವಾಗಲಿ.

ಮೊದಲನೆಯ ಮಾತು, ಗಟ್ಟಿಯಾಗಿರುವ ಬಣ್ಣವನ್ನು ಕೆಣಕಬೇಡಿ. ಎದ್ದಿಲ್ಲದ, ಬಿರಿದಿಲ್ಲದ ಬಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿ ಅದರ ಮೇಲೆಯೇ ಹೊಸ ಬಣ್ಣ ಬಳಿಯಬಹುದು. ಆದರೆ ಕಿಟಕಿಯ ರೆಕ್ಕೆ ಚೌಕಟ್ಟಿಗೆ ಉಜ್ಜುವ ಜಾಗದಲ್ಲಿ, ಬಾಗಿಲು ಹೊಸ್ತಿಲಿಗೆ ತಾಗುವ ಅಂಚಿನಲ್ಲಿ ಅದು ನಿಲ್ಲುವುದಿಲ್ಲ. ದಿನವೂ ತೆರೆದು ಮುಚ್ಚುವಾಗ ಪುಡಿ ಉದುರುತ್ತದೆ. ಅಲ್ಲಿ ತೆಗೆಯಲೇಬೇಕು, ಇಲ್ಲವೇ ರೆಕ್ಕೆಯನ್ನೇ ಬದಲಿಸಬೇಕು.

ಎರಡನೆಯದು, ಕೆಲಸ ನಡೆಯುವಾಗ ಮಕ್ಕಳು, ಗರ್ಭಿಣಿಯರು ಮನೆಯಲ್ಲಿರಕೂಡದು. ಕೆಲಸ ಮುಗಿದರೆ ಸಾಲದು, ಶುದ್ಧಿಯೂ ಮುಗಿದ ಮೇಲೆಯೇ ಅವರು ಒಳಗೆ ಬರಬೇಕು. ಕೋಣೆಯ ಸಾಮಾನುಗಳನ್ನು ಹೊರಗಿಟ್ಟು, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚುಗಳಿಗೆ ಟೇಪು ಅಂಟಿಸಿದೆವು. ಪಕ್ಕದ ಕೋಣೆಯ ಬಾಗಿಲಿಗೂ ಹಾಳೆ ಕಟ್ಟಿದೆವು.

ಮೂರನೆಯದು, ಬೆಂಕಿ ಬೇಡ. ಬ್ಲೋ ಲ್ಯಾಂಪಿನಿಂದ ಸುಟ್ಟು ಬಣ್ಣ ಎಬ್ಬಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಸೀಸ ಆಗ ಹೊಗೆಯಾಗಿ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಯಂತ್ರದಿಂದ ಒಣದಾಗಿ ಉಜ್ಜುವುದೂ ಬೇಡ. ನೀರು ಸಿಂಪಡಿಸಿ, ಬಣ್ಣ ನೆನೆದ ಮೇಲೆ ಕರಣೆಯಿಂದ ಮೆಲ್ಲಗೆ ಎಬ್ಬಿಸಬೇಕು. ಉಜ್ಜಲು ಪೇಂಟರುಗಳು ವಾಟರ್ ಪೇಪರ್ ಎನ್ನುವ ನೀರಿನ ಕಾಗದವನ್ನೇ ಬಳಸಬೇಕು. ವಿದ್ಯುತ್ ಸ್ವಿಚ್ಚುಗಳ ಬಳಿ ಮಾತ್ರ ನೀರು ತಾಗದಂತೆ ಜಾಗ್ರತೆ.

ನಾಲ್ಕನೆಯದು, ಮೂಗಿಗೆ ಕಟ್ಟಿದ ಕರವಸ್ತ್ರ ಈ ಧೂಳನ್ನು ತಡೆಯುವುದಿಲ್ಲ. ಸಣ್ಣ ಕಣಗಳನ್ನು ತಡೆಯುವ, ಮುಖಕ್ಕೆ ಸರಿಯಾಗಿ ಕೂರುವ ಮುಖಗವಸು ಬೇಕು. ಬೀಡಿ, ಚಹಾ, ಊಟ ಏನಿದ್ದರೂ ಹೊರಗೆ, ಸೋಪು ಹಚ್ಚಿ ಕೈ ಮುಖ ತೊಳೆದ ಮೇಲೆ. ಕೆಲಸದ ಬಟ್ಟೆಯನ್ನು ಅಲ್ಲಿಯೇ ಬದಲಿಸಿ, ಮನೆಯವರ ಬಟ್ಟೆಯೊಡನೆ ಬೆರೆಸದೆ ಒಗೆಯಬೇಕು. ಅವನು ಸ್ನಾನ ಮಾಡಿ ಮನೆಗೆ ಹೋಗಲೆಂದು ನಮ್ಮ ಬಚ್ಚಲಿನಲ್ಲಿಯೇ ದಿನವೂ ಬಿಸಿನೀರು ಕಾಯಿಸಿಟ್ಟೆವು.

ಐದನೆಯದು, ಪೊರಕೆ ಹಿಡಿಯಬೇಡಿ. ಗುಡಿಸಿದರೆ ಧೂಳು ಮತ್ತೆ ಎದ್ದು ಮನೆಯೆಲ್ಲ ಹರಡುತ್ತದೆ. ಹಾಳೆಯನ್ನು ಒಳಮುಖವಾಗಿ ಮಡಿಸಿ, ದಪ್ಪ ಚೀಲದಲ್ಲಿ ತುಂಬಿ ಬಾಯಿ ಕಟ್ಟಿ. ನೆಲವನ್ನು, ಕಿಟಕಿಯ ಕಟ್ಟೆಯನ್ನು ಸೋಪಿನ ನೀರಿನಲ್ಲಿ ಒರೆಸಿ, ಮತ್ತೊಂದು ಬಕೆಟ್ಟಿನ ಶುದ್ಧ ನೀರಿನಲ್ಲಿ ಪುನಃ ಒರೆಸಿ. ಕೆರೆದ ಪುಡಿಯನ್ನು ತುಳಸಿಕಟ್ಟೆಯ ಬುಡಕ್ಕೋ ಹಿತ್ತಲಿನ ಸೊಪ್ಪಿನ ಮಡಿಗೋ ಸುರಿಯಬೇಡಿ, ಮಣ್ಣಿಗೆ ಸೇರಿದ ಸೀಸ ಮಣ್ಣಿನಲ್ಲಿಯೇ ಉಳಿಯುತ್ತದೆ. ಬಣ್ಣ ಬಳಿದ ಹಳೆಯ ಕಿಟಕಿಯ ಮರವನ್ನು ಬಚ್ಚಲೊಲೆಗೆ ಹಾಕಲೇಬೇಡಿ.

ಇಷ್ಟಕ್ಕೆ ನನಗೆ ತಗುಲಿದ್ದು ನಾಲ್ಕು ದಿನದ ಹೆಚ್ಚಿನ ಕೂಲಿ, ಪ್ಲಾಸ್ಟಿಕ್ ಹಾಳೆ, ಮುಖಗವಸು, ಸೋಪು. ಕೆಲಸ ಮುಗಿದು, ಮನೆಯನ್ನು ಎರಡು ಬಾರಿ ಒರೆಸಿದ ಮೇಲೆ ಮಗಳು ಬಂದಳು. ಮೊಮ್ಮಗ ಕಿಟಕಿಯ ಸರಳು ಹಿಡಿದು ನಿಂತು ಬೀದಿಯ ದನಗಳನ್ನು ಕರೆದ.

ಈಗ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. 2016ರ ನಿಯಮ ಹೊಸ ಬಣ್ಣದ ಡಬ್ಬಿಯನ್ನು ಕುರಿತದ್ದು. ಈಗಾಗಲೇ ಗೋಡೆ, ಕಿಟಕಿಗಳ ಮೇಲಿರುವ ಹಳೆಯ ಬಣ್ಣವನ್ನು ಅದು ಮುಟ್ಟುವುದಿಲ್ಲ. ಅದನ್ನು ಮುಟ್ಟುವವನು ಪೇಂಟರ್, ಉಸಿರಾಡುವುದು ಮಗು. ಶಾಲೆ, ಅಂಗನವಾಡಿ, ವಿದ್ಯಾರ್ಥಿನಿಲಯಗಳಿಗೆ ಬಣ್ಣ ಹೊಡೆಸುವಾಗ ಒದ್ದೆ ಮಾಡಿಯೇ ಕೆರೆಯಬೇಕು, ಕೆಲಸವನ್ನು ರಜೆಯಲ್ಲಿಯೇ ಮುಗಿಸಬೇಕು ಎಂಬ ಷರತ್ತು ಗುತ್ತಿಗೆಯ ಕಾಗದದಲ್ಲಿಯೇ ಇರಬೇಕು, ಅದರ ಖರ್ಚನ್ನೂ ಅಂದಾಜಿನಲ್ಲಿ ಸೇರಿಸಬೇಕು. ಶ್ರಮದಾನದ ಹೆಸರಿನಲ್ಲಿ ಮಕ್ಕಳ ಕೈಗೆ ಉಪ್ಪುಕಾಗದ ಕೊಡುವುದು ನಿಲ್ಲಬೇಕು. ಕಟ್ಟಡ ಕಾರ್ಮಿಕರಿಗಾಗಿ ನಮ್ಮ ರಾಜ್ಯದಲ್ಲಿ ಕಲ್ಯಾಣ ಮಂಡಳಿಯೊಂದಿದೆ. ಪೇಂಟರುಗಳಿಗೆ ರಕ್ತದಲ್ಲಿನ ಸೀಸದ ಪರೀಕ್ಷೆಯನ್ನು ಅದು ಕ್ರಮವಾಗಿ ಮಾಡಿಸಬೇಕು.

ಸರ್ಕಾರ ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ನಮ್ಮಲ್ಲಿ ಬಣ್ಣ ಹೊಡೆಸುವುದು ಯಾವಾಗ? ಮದುವೆಗೆ, ಸೀಮಂತಕ್ಕೆ, ಮಗಳು ಬಾಣಂತನಕ್ಕೆ ಬರುವಾಗ. ತಾಯಿಯ ಮೂಳೆಯಲ್ಲಿ ಹಿಂದೆಂದೋ ಕೂತ ಸೀಸ ಗರ್ಭಕಾಲದಲ್ಲಿ ಕರಗಿ ರಕ್ತಕ್ಕೆ ಬಂದು ಮಗುವನ್ನು ಸೇರುತ್ತದೆ. ಅದು ಸಾಲದೆಂಬಂತೆ ನಾವು ಅವಳ ಸ್ವಾಗತಕ್ಕೆಂದೇ ಮನೆ ತುಂಬ ಧೂಳೆಬ್ಬಿಸುತ್ತೇವೆ. ಅವಳು ಬರುವುದಕ್ಕೆ ಸಾಕಷ್ಟು ಮೊದಲೇ ಮಾಡಿಸಿ, ಇಲ್ಲವೇ ಮಾಡಿಸಲೇಬೇಡಿ. ಬಣ್ಣ ಮಾಸಿದ ಮನೆಯಲ್ಲಿ ಬಾಣಂತನ ಮಾಡಿದರೆ ಯಾರ ಮಾನವೂ ಹೋಗುವುದಿಲ್ಲ.

ಅಂದು ಆ ಕಿಟಕಿಗಳನ್ನು ಕೆರೆದವರಲ್ಲಿ ನೀವೂ ಒಬ್ಬರಾಗಿದ್ದರೆ, ನಿಮ್ಮ ಮೇಷ್ಟ್ರನ್ನು ಕ್ಷಮಿಸಿ. ಈಗಲೂ ಬಣ್ಣದ ಕಸುಬಿನಲ್ಲಿರುವವರು ಒಮ್ಮೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳಿ, ಸಂಕೋಚವಿದ್ದರೆ ನನಗೆ ತಿಳಿಸಿ, ಜೊತೆಗೆ ನಾನು ಬರುತ್ತೇನೆ.

ಎಲ್ಲರಿಗೂ ಒಳ್ಳೆಯದಾಗಲಿ.